ಕೈ ಮುರಿದರೂ ಬ್ರೇಕ್, ಮಳೆ ಹಿಡಿದರೂ ಬ್ರೇಕ್

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜಾಸ್ತಿ ಪಾಲು ಇಂಗ್ಲಿಷ್ ವ್ಯಾಕರಣದ್ದು. ಈ ಸಲ ನೋಡಿದರೆ ಐದು ಪತ್ರಗಳು ಒಂದೇ ಕ್ರಿಯಾಪದವನ್ನು ಹಿಡಿದುಕೊಂಡಿವೆ: 'ಬ್ರೇಕ್'. ಮಾತಾಡಿಕೊಂಡು ಬರೆದ ಹಾಗಿದೆ! ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಮಾಷ್ಟ್ರೇ, ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಆರನೇ ಕ್ಲಾಸಿನ ಮಕ್ಕಳು 'ಮೈ ಶರ್ಟ್ ಬ್ರೋಕ್', 'ದ ಮಿಲ್ಕ್ ಬ್ರೋಕ್' ಎಂದೆಲ್ಲ ಬರೆಯುತ್ತಾರೆ. ತಪ್ಪು ಎಂದು ಗೊತ್ತು. ಆದರೆ ಯಾಕೆ ತಪ್ಪು ಎಂದು ಹೇಳಿಕೊಡಲು ಆಗುತ್ತಿಲ್ಲ.

ಟೀಚರೇ, ಮಕ್ಕಳ ಮೇಲೆ ಕೋಪ ಮಾಡಬೇಡಿ. ತಪ್ಪು ಮಾಡಿಸುತ್ತಿರುವುದು ನಮ್ಮ ಕನ್ನಡವೇ. ಇಂಗ್ಲಿಷಿನವರು ಒಂದೇ ಮಾತಿನಲ್ಲಿ ಮುಗಿಸುವ ಕೆಲಸಕ್ಕೆ ನಮ್ಮಲ್ಲಿ ಬೇರೆ ಬೇರೆ ಮಾತುಗಳಿವೆ.

ಕೋಲು ಮುರಿಯುತ್ತದೆ. ಕೊಂಬೆ, ಎಲುಬು, ಪೆನ್ಸಿಲಿನ ಮೊನೆ ಇವೂ ಮುರಿಯುತ್ತವೆ. ಆದರೆ ಮಡಕೆ ಮುರಿಯುವುದಿಲ್ಲ, ಒಡೆಯುತ್ತದೆ. ಮೊಟ್ಟೆ, ಗ್ಲಾಸು, ತೆಂಗಿನಕಾಯಿ, ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕಿದ ಕಟ್ಟ, ಎಲ್ಲ ಒಡೆಯುವಂಥವು. ಉದ್ದಕ್ಕೆ ಗಟ್ಟಿಯಾಗಿರುವುದು ಮುರಿಯುತ್ತದೆ, ಒಳಗೆ ಏನನ್ನಾದರೂ ತುಂಬಿಟ್ಟುಕೊಂಡದ್ದು ಒಡೆಯುತ್ತದೆ. ಇದು ಕಲ್ಲಿನಲ್ಲಿ ಕೆತ್ತಿದ ನಿಯಮವಲ್ಲ. ಆದರೂ ಹತ್ತರಲ್ಲಿ ಎಂಟು ಕಡೆ ಸರಿಹೋಗುತ್ತದೆ. ಬಟ್ಟೆ, ಕಾಗದ ಹರಿಯುತ್ತವೆ. ಹಗ್ಗ ತುಂಡಾಗುತ್ತದೆ. ಮಿಕ್ಸಿ ಹಾಳಾಗುತ್ತದೆ.

ಇಂಗ್ಲಿಷಿನಲ್ಲಿ ಕೋಲು, ಮಡಕೆ, ಹಗ್ಗ, ಮಿಕ್ಸಿ ಎಲ್ಲಕ್ಕೂ 'ಬ್ರೇಕ್' ನಡೆಯುತ್ತದೆ. ಮಿಕ್ಸಿಯಲ್ಲಿ ಒಂದು ಬಿರುಕೂ ಇರಬೇಕಿಲ್ಲ, ತಿರುಗದಿದ್ದರೆ ಸಾಕು, ಅದು 'ಬ್ರೋಕನ್'. ಆದರೆ ಬಟ್ಟೆ ಮತ್ತು ಕಾಗದದ ಹತ್ತಿರ ಬಂದಾಗ ಮಾತ್ರ ಅವರೂ ಬೇರೆ ಪದ ತೆಗೆಯುತ್ತಾರೆ: 'ಟೇರ್', 'ಟೋರ್', 'ಟೋರ್ನ್'. ಹಾಗಾಗಿ ಶರ್ಟ್ 'ಟೋರ್ನ್' ಆಗಬೇಕು. ಹಾಲು ಒಡೆದರೆ 'ಕರ್ಡಲ್'. ಕನ್ನಡದ 'ಒಡೆ'ಯನ್ನು ಕಂಡಲ್ಲೆಲ್ಲ 'ಬ್ರೇಕ್' ಎಂದು ಇಳಿಸಿದರೆ ಹೀಗೆ ಎಡವುತ್ತೇವೆ.

ಇಲ್ಲಿವರೆಗೆ ಕೈಗೆ ಸಿಗುವ ವಸ್ತುಗಳಾದವು. ನನಗೆ ಖುಷಿ ಕೊಡುವುದು ಇದರ ಮುಂದಿನದ್ದು. ಕೈಗೆ ಸಿಗದ ಸಂಗತಿಗಳಲ್ಲೂ ಕನ್ನಡ ಇದೇ ಲೆಕ್ಕ ಇಟ್ಟುಕೊಂಡಿದೆ. ಗುಟ್ಟು ಒಡೆಯುತ್ತದೆ, ಒಗಟು ಒಡೆಯುತ್ತೇವೆ. ಎರಡರ ಒಳಗೂ ಏನೋ ಅಡಗಿದೆ, ಥೇಟ್ ತೆಂಗಿನಕಾಯಿಯ ಹಾಗೆ. ಮನಸ್ಸು ಕೂಡ ಒಡೆಯುತ್ತದೆ. ಅದೂ ಪಾತ್ರೆಯೇ ಅಲ್ವಾ? ಆದರೆ ಸಂಬಂಧ, ನಿಶ್ಚಯವಾದ ಮದುವೆ, ಒಪ್ಪಂದ ಇವೆಲ್ಲ ಮುರಿಯುತ್ತವೆ. ಇಬ್ಬರ ನಡುವೆ ಹಾಕಿದ ಕಾಲುಸಂಕದ ಹಾಗೆ ಅವು. ಮನೆ ಎನ್ನುವುದು ಎರಡೂ ಕಡೆ ಸಲ್ಲುತ್ತದೆ. ಅಣ್ಣತಮ್ಮಂದಿರು ಬೇರೆಯಾದರೆ ಮನೆ ಒಡೆಯಿತು. ಹೊರಗಿನವನು ಬಂದು ಹಾಳುಮಾಡಿದರೆ ಅವನು ಮನೆಮುರುಕ.

ಇಂಗ್ಲಿಷಿನಲ್ಲಿ ಈ ಲೆಕ್ಕ ಇಲ್ಲ. 'ಬ್ರೇಕ್ ಎ ಕೋಡ್', 'ಬ್ರೇಕ್ ಎ ಪ್ರಾಮಿಸ್', 'ಬ್ರೇಕ್ ಸಮ್‌ವನ್ಸ್ ಹಾರ್ಟ್', ಎಲ್ಲ ಒಂದೇ. ಹಾಗಾದರೆ ಅವರ 'ಬ್ರೇಕ್' ಅಂದರೆ ಏನು? ಇಡಿಯಾಗಿದ್ದದ್ದು ಇಡಿಯಾಗಿ ಉಳಿಯಲಿಲ್ಲ, ಅಥವಾ ನಡೆಯುತ್ತಾ ಇದ್ದದ್ದು ನಡುವೆ ನಿಂತಿತು. ಮಕ್ಕಳಿಗೆ ಇಷ್ಟು ಹೇಳಿಕೊಡಿ ಸಾಕು. ಇಪ್ಪತ್ತು ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿಸುವುದು ಸುಮ್ನೆ ದಂಡ.

ಒಂದು ಎಚ್ಚರಿಕೆ ಇದೆ. 'ಐ ಆಮ್ ಬ್ರೋಕನ್' ಅಂದರೆ ನಾನು ಕುಗ್ಗಿಹೋಗಿದ್ದೇನೆ ಎಂದು. 'ಐ ಆಮ್ ಬ್ರೋಕ್' ಅಂದರೆ ಜೇಬಿನಲ್ಲಿ ಬಸ್ಸಿಗೂ ದುಡ್ಡಿಲ್ಲ ಎಂದು. ತಿಂಗಳ ಕೊನೆಗೆ ಎರಡೂ ಒಟ್ಟಿಗೆ ಆಗುವುದುಂಟು, ಅದು ಬೇರೆ ಮಾತು.

ಮಾಷ್ಟ್ರೇ, ಪೆರ್ಲದಲ್ಲಿ ನನಗೆ ಅಡಿಕೆ ತೋಟ ಇದೆ. ಮಗಳು ತರಿಸುವ ಇಂಗ್ಲಿಷ್ ಪೇಪರಿನಲ್ಲಿ ಜೂನ್ ತಿಂಗಳಲ್ಲಿ 'ಮಾನ್ಸೂನ್ ಬ್ರೇಕ್ಸ್' ಎಂದು ಹಾಕಿದ್ದರು. ಮಳೆ ನಿಂತಿತೇ ಎಂದು ಹೆದರಿದೆ. ಹೊರಗೆ ನೋಡಿದರೆ ಧಾರಾಕಾರ! ಮತ್ತೆ ಜುಲೈಯಲ್ಲಿ 'ಬ್ರೇಕ್ ಇನ್ ಮಾನ್ಸೂನ್' ಎಂದರು. ಆಗ ಮಾತ್ರ ನಿಜವಾಗಿ ಬಿಸಿಲು. ಇದೆಂಥ ಭಾಷೆ?

ನಿಮ್ಮ ಸಿಟ್ಟಿಗೆ ಕಾರಣ ಇದೆ. ಒಂದೇ ಪದ ಒಂದು ತಿಂಗಳ ಅಂತರದಲ್ಲಿ ಮಳೆ ಬಂತು ಎಂದೂ ಹೇಳುತ್ತದೆ, ಮಳೆ ಬಿಟ್ಟಿತು ಎಂದೂ ಹೇಳುತ್ತದೆ. ನಾವಾದರೆ ಮಳೆ ಹಿಡಿಯಿತು, ಮಳೆ ಬಿಟ್ಟಿತು ಎಂದು ಸಲೀಸಾಗಿ ಹೇಳುತ್ತೇವೆ. ಹಿಡಿಯುವುದು, ಬಿಡುವುದು. ಇದಕ್ಕಿಂತ ಚೊಕ್ಕ ಮಾತು ಬೇಕೇ?

ಈಗ ಟೀಚರಿಗೆ ಹೇಳಿದ್ದನ್ನೇ ಇಲ್ಲಿಗೆ ಹಚ್ಚಿ ನೋಡಿ. ನಡೆಯುತ್ತಾ ಇದ್ದದ್ದು ನಿಂತಿತು ಎಂದೆನಲ್ಲ, ಯಾವುದು ನಿಂತಿತು ಎಂದು ಕೇಳಬೇಕು. ಕೇರಳಕ್ಕೆ ಮುಂಗಾರು ಕಾಲಿಡುವ ದಿನ ವಾಡಿಕೆಯಂತೆ ಜೂನ್ 1. ಅದಕ್ಕಿಂತ ಮೊದಲು ಎರಡು ಮೂರು ತಿಂಗಳ ಸೆಕೆ. ಮೋಡ ಕಟ್ಟುತ್ತದೆ, ಸುರಿಯುವುದಿಲ್ಲ. ಆ ಬಿಗಿ ಒಮ್ಮೆಲೇ ಕಳಚಿ ನೀರು ನುಗ್ಗಿದಾಗ 'ದ ಮಾನ್ಸೂನ್ ಬ್ರೋಕ್' ಎನ್ನುತ್ತಾರೆ. ನಮ್ಮ ಕಡೆ ತೋಡಿಗೆ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತೇವಲ್ಲ, ದೊಡ್ಡ ಮಳೆಗೆ ಅದು ಒಡೆದಾಗ ನೀರು ಬರುವ ರಭಸ ನೆನಪು ಮಾಡಿಕೊಳ್ಳಿ. ಬಿರುಗಾಳಿಗೂ ಅವರು ಹೀಗೇ ಹೇಳುತ್ತಾರೆ, 'ದ ಸ್ಟಾರ್ಮ್ ಬ್ರೋಕ್' ಎಂದು. ಇಲ್ಲಿ 'ಬ್ರೇಕ್' ಕ್ರಿಯಾಪದ, ಮಳೆಯೇ ಕರ್ತೃ.

ಜುಲೈಯದ್ದು ನಾಮಪದ. 'ಬ್ರೇಕ್ ಇನ್' ಎಂದಾಗ ಸುರಿಯುತ್ತಾ ಇದ್ದ ಮಳೆಯ ನಡುವೆ ಬಂದ ಬಿಡುವು. ಹವಾಮಾನ ಇಲಾಖೆಯವರ ಭಾಷೆಯಲ್ಲಿ ಇದು ಸುಮ್ಮನೆ ಆಡಿದ ಮಾತೂ ಅಲ್ಲ, 'ಬ್ರೇಕ್ ಮಾನ್ಸೂನ್' ಎಂಬುದು ಅವರ ಲೆಕ್ಕದ ಪದ. ಜುಲೈ, ಆಗಸ್ಟ್ ತಿಂಗಳಲ್ಲಿ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಹಿಮಾಲಯದ ತಪ್ಪಲಿಗೆ ಅಂಟಿಕೊಳ್ಳುತ್ತದೆ. ಆಗ ಮಳೆ ಅಲ್ಲಿ ಜಾಸ್ತಿ, ದೇಶದ ಉಳಿದ ಬಹುಭಾಗದಲ್ಲಿ ಕಡಿಮೆ. ನಮ್ಮ ತುಳುನಾಡಿನ ಆಟಿ ತಿಂಗಳೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬೀಳುತ್ತದೆ.

ಅಡಿಕೆಯವರಿಗೆ ಈ ಎರಡನೇ 'ಬ್ರೇಕ್' ಎಷ್ಟು ದೊಡ್ಡದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಡಿಕೆ ಕೊಳೆಯದಂತೆ ಸಿಂಪಡಿಸುವ ಮದ್ದನ್ನು ಮೊದಲ ಸಲ ಮಳೆ ಹಿಡಿಯುವ ಮೊದಲು ಬಿಟ್ಟಾಯಿತು. ಎರಡನೇ ಸಲಕ್ಕೆ 40–45 ದಿನ ಆಗುವಾಗ ಮಳೆ ಬಿಡಬೇಕು. ಮೈಲುತುತ್ತು, ಸುಣ್ಣ ತಂದಿಟ್ಟು, ಮರ ಹತ್ತುವವರಿಗೆ ಹೇಳಿಟ್ಟು, ಆಕಾಶ ನೋಡುತ್ತಾ ಕೂರುವುದು. ಬಿಡದಿದ್ದರೆ ಕೊಳೆರೋಗ. ಹಾಗಾಗಿ ಪೇಪರಿನಲ್ಲಿ 'ಬ್ರೇಕ್' ಕಂಡರೆ ಅದರ ಪಕ್ಕದಲ್ಲಿ 'ಇನ್' ಇದೆಯೋ ನೋಡಿ. ಇದ್ದರೆ ಡ್ರಮ್ಮಿಗೆ ನೀರು ತುಂಬಿಸಬಹುದು.

ಎನ್.ಎಚ್. 66ರಲ್ಲಿ ಓಡುವ ಲಾರಿಗಳ ಹಿಂದೆ 'ಏರ್ ಬ್ರೇಕ್' ಎಂದು ಎರಡು ಥರ ಸ್ಪೆಲ್ಲಿಂಗ್ ನೋಡಿದ್ದೇನೆ. ಯಾವುದು ಸರಿ? – ಆಟೋ ಚಾಲಕ, ಮಂಜೇಶ್ವರ

ಗಾಡಿ ನಿಲ್ಲಿಸುವ ಬ್ರೇಕಿಗೆ ಬಿ ಆರ್ ಎ ಕೆ ಇ. ಮುರಿಯುವ ಬ್ರೇಕಿಗೆ ಬಿ ಆರ್ ಇ ಎ ಕೆ. ಕಿವಿಗೆ ಎರಡೂ ಒಂದೇ, ಕನ್ನಡದಲ್ಲಿ ಬರೆದರೂ ಒಂದೇ. ನಾವು ತಪ್ಪು ಬರೆಯುವುದು ಅದಕ್ಕೇ. ಕೆಲವು ಲಾರಿಗಳ ಹಿಂದೆ ಇರುವುದನ್ನು ಅಕ್ಷರಕ್ಕೆ ಅಕ್ಷರ ಓದಿದರೆ 'ಗಾಳಿ ಮುರಿ' ಎಂದಾಗುತ್ತದೆ! ಒಂದು ತಮಾಷೆ ಹೇಳಬೇಕು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೇಸು ರೊಟ್ಟಿ ಮುರಿದ ಎನ್ನುವಲ್ಲಿ ಇರುವುದು ಗಾಡಿಯ ಬ್ರೇಕಿನ ಸ್ಪೆಲ್ಲಿಂಗೇ. ಆಗ 'ಬ್ರೇಕ್' ಪದದ ಭೂತಕಾಲಕ್ಕೆ ಹಾಗೂ ಬರೆಯುತ್ತಿದ್ದರು. 'ಬ್ರೋಕ್' ಗೆದ್ದದ್ದು ಆಮೇಲೆ. ಲಾರಿಯವರಿಗೆ ಈ ವಿನಾಯಿತಿ ಸಿಗುವುದಿಲ್ಲ.

ನಾನು ನರ್ಸಿಂಗ್ ವಿದ್ಯಾರ್ಥಿನಿ, ಊರು ಮುಳ್ಳೇರಿಯ. ವಾರ್ಡಿನಲ್ಲಿ ಮಲಯಾಳಿಗಳು 'ಕೈ ಮುರಿಞ್ಞು' ಎಂದಾಗ ನಾನು ಫ್ರಾಕ್ಚರ್ ಎಂದು ಬರೆದು ಬೈಸಿಕೊಂಡೆ. ಇಂಗ್ಲಿಷಿನಲ್ಲಿ 'ಬ್ರೇಕ್' ಎನ್ನಬೇಕೋ 'ಕಟ್' ಎನ್ನಬೇಕೋ?

ಬೈಸಿಕೊಂಡದ್ದು ನೀವೊಬ್ಬರೇ ಅಲ್ಲ. ಸಣ್ಣವನಿದ್ದಾಗ ಪೇರಳೆ ಮರದಿಂದ ಬಿದ್ದು ನಾನೊಂದು ದವಾಖಾನೆಗೆ ಹೋಗಿದ್ದೆ. 'ಕೈ ಮುರಿದಿದೆ' ಎಂದು ಅತ್ತೆ. ಮಲಯಾಳಿ ಕಂಪೌಂಡರ್ ಹತ್ತಿ, ಟಿಂಕ್ಚರ್ ಹಿಡಿದುಕೊಂಡು ಬಂದು, ತೋಳಿಡೀ ತಿರುಗಿಸಿ ಗಾಯ ಹುಡುಕಿದರು! ಆ ನೋವು ಇವತ್ತಿಗೂ ನೆನಪಿದೆ.

ಸಂಗತಿ ಏನೆಂದರೆ, 'ಮುರಿ' ಎನ್ನುವ ಧಾತು ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಇದೆ. ಒಂದೇ ಬೇರು. ಆದರೆ ಇವತ್ತಿನ ಮಲಯಾಳದಲ್ಲಿ 'ಕೈ ಮುರಿಞ್ಞು' ಅಂದರೆ ಕೈ ಕುಯ್ದುಹೋಯಿತು, ರಕ್ತ ಬಂತು. ಎಲುಬು ಮುರಿದರೆ 'ಒಡಿಞ್ಞು'. ಗ್ಲಾಸು ಒಡೆದರೆ 'ಪೊಟ್ಟಿ'. ಅದೇ 'ಮುರಿ' ನಾಮಪದವಾದಾಗ ಅವರಿಗೆ ತೆಂಗಿನಕಾಯಿಯ ಹೋಳೂ ಹೌದು, ಮನೆಯ ಕೋಣೆಯೂ ಹೌದು. ನಮ್ಮ ಊರಿನಲ್ಲಿ ಬಸ್ಸಿನ ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಹೋಗುವಷ್ಟರಲ್ಲಿ ಪದದ ಅರ್ಥ ಬದಲಾಗಿರುತ್ತದೆ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನ ಬಾಸೆಲ್ ಮಿಷನ್ನಿನಿಂದಲೇ ಹೊರಬಂದವು. ಪುರುಸೊತ್ತಾದಾಗ 'ಮುರಿ' ಇರುವ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ವಾರ್ಡಿಗೆ ಬೇಕಾದ ಉತ್ತರ ಇಷ್ಟೆ: 'ಮುರಿಞ್ಞು' ಅಂದರೆ 'ಕಟ್', 'ಒಡಿಞ್ಞು' ಅಂದರೆ 'ಬ್ರೋಕನ್'. ಬರೆಯುವ ಮೊದಲು ರಕ್ತ ಇದೆಯೇ ಎಂದು ಒಮ್ಮೆ ಕಣ್ಣಲ್ಲಿ ನೋಡಿ. ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ 'ಹಿ ಬ್ರೋಕ್ ಹಿಸ್ ಆರ್ಮ್' ಎನ್ನುವುದು ರೂಢಿ. ಬೇಕೆಂದೇ ಮುರಿದ ಎಂದು ಅರ್ಥವಲ್ಲ. ನಾವು 'ಕೈ ಮುರಿದುಕೊಂಡ' ಎನ್ನುವಾಗ ಆ 'ಕೊಂಡ' ಮಾಡುವ ಕೆಲಸವನ್ನು ಅಲ್ಲಿ 'ಹಿಸ್' ಮಾಡುತ್ತದೆ.

ನನ್ನದು ಕುಂಬಳೆ, ಎರಡು ಪ್ರಶ್ನೆ ಇದೆ. ಒಂದು, ಬೆಳಗಿನ ತಿಂಡಿಗೆ 'ಬ್ರೇಕ್‌ಫಾಸ್ಟ್' ಎಂದು ಯಾಕೆ ಹೇಳುತ್ತಾರೆ? ಎರಡು, ನನ್ನ ಮೊದಲ ಯಕ್ಷಗಾನ ವೇಷದ ದಿನ ಬೆಂಗಳೂರಿನ ಗೆಳತಿ 'ಬ್ರೇಕ್ ಎ ಲೆಗ್' ಎಂದು ಮೆಸೇಜ್ ಹಾಕಿದಳು. ಅಜ್ಜಿಗೆ ಅರ್ಥ ಹೇಳಿದೆ. ಅವರು ಇನ್ನೂ ಮಾತಾಡುತ್ತಿಲ್ಲ.

ಮೊದಲನೆಯದು ಸುಲಭ. 'ಫಾಸ್ಟ್' ಅಂದರೆ ಉಪವಾಸ. ರಾತ್ರಿಯಿಡೀ ಖಾಲಿ ಇದ್ದ ಹೊಟ್ಟೆಯ ಉಪವಾಸ ಅಲ್ಲಿಗೆ ನಿಂತಿತು. 15ನೇ ಶತಮಾನದಿಂದ ಈ ಪದ ಬಳಕೆಯಲ್ಲಿದೆ. ಹೇಳುವಾಗ ಮಾತ್ರ 'ಬ್ರೆಕ್‌ಫಸ್ಟ್', ಎಳೆಯಬಾರದು. ಆದರೆ ಕನ್ನಡದಲ್ಲಿ 'ಉಪವಾಸ ಮುರಿದ' ಎಂದು ನೋಡಿ, ಕದ್ದು ತಿಂದ ಹಾಗೆ ಕೇಳುತ್ತದೆ! ಏಕಾದಶಿ ಮಾಡಿದವರು ಮರುದಿನ ಪಾರಣೆ ಮಾಡುತ್ತಾರೆ, ಮುರಿಯುವುದಿಲ್ಲ. ರಂಜಾನಿನಲ್ಲಿ ನಮ್ಮ ಮಲಯಾಳಿ ನೆರೆಯವರದ್ದು 'ನೋಂಬು ತುರ', ಅಂದರೆ ಉಪವಾಸವನ್ನು ತೆರೆಯುವುದು. ಬಾಗಿಲು ತೆರೆದ ಹಾಗೆ. ನನಗೆ ಮೂರರಲ್ಲಿ ಚಂದ ಕಾಣುವುದು ಇದೇ. 'ಬ್ರೇಕ್' ಇಂಗ್ಲಿಷಿನಲ್ಲಿ ತಪ್ಪನ್ನೂ ಹೇಳುತ್ತದೆ, ತಪ್ಪಲ್ಲದ್ದನ್ನೂ ಹೇಳುತ್ತದೆ. ಕನ್ನಡದ 'ಮುರಿ' ಮಾತ್ರ ಇಂಥ ಕಡೆ ತಪ್ಪಿನ ವಾಸನೆಯನ್ನು ಕಳೆದುಕೊಳ್ಳುವುದಿಲ್ಲ. ಪೇಪರಿನವರು 'ಮೌನ ಮುರಿದ ಸಚಿವರು' ಎಂದು ಬರೆದಾಗ ನನಗೆ ಅದಕ್ಕೇ ಕಿರಿಕಿರಿ. ಸಚಿವರು ಬಾಯಿಬಿಟ್ಟರು ಎಂದರೆ ಸಾಕಿತ್ತು.

ಇನ್ನು ಕಾಲಿನ ವಿಷಯ. ಇಂಗ್ಲಿಷ್ ನಾಟಕದವರಲ್ಲಿ ರಂಗಕ್ಕೆ ಹೋಗುವವರಿಗೆ ನೇರವಾಗಿ 'ಗುಡ್ ಲಕ್' ಎಂದರೆ ಅಪಶಕುನ ಎಂಬ ನಂಬಿಕೆ ಇದೆ. ಅದಕ್ಕೆ ತಿರುಗಿಸಿ ಕೆಟ್ಟದ್ದನ್ನು ಹೇಳುತ್ತಾರೆ, ಒಳ್ಳೆಯದಾಗಲಿ ಎಂದು. ಇಲ್ಲಿ ಮುರಿಯುವುದೂ ಇಲ್ಲ, ಕಾಲೂ ಇಲ್ಲ. ಇಡೀ ಮಾತು ಒಂದು ಗಂಟು. ಬಿಚ್ಚಿ ಪದಕ್ಕೆ ಪದ ಇಟ್ಟರೆ ನಿಮ್ಮ ಅಜ್ಜಿಗೆ ಕೇಳಿಸಿದ್ದು 'ಕಾಲು ಮುರಿದು ಮೂಲೆಗೆ ಹಾಕ್ತೇನೆ' ಎನ್ನುವ ನಮ್ಮ ಹಳೇ ಬೈಗುಳ. ಅದೂ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ, ಕಾಲಿಗೆ ಗೆಜ್ಜೆ ಕಟ್ಟುವ ದಿನ. ಕೋಪ ಬರದೆ ಇರುತ್ತದೆಯೇ?

ಅಜ್ಜಿಯ ಹತ್ತಿರ ಹೀಗೆ ಹೇಳಿ ನೋಡಿ. ವೇಷ ಕಳಚಿ ಮನೆಗೆ ಬಂದಾಗ ಅವರು ನಿಮ್ಮ ಕೆನ್ನೆ ಸವರಿ, ದೃಷ್ಟಿಯಾಗದಿರಲಿ ಎಂದು ಹಣೆಯ ಪಕ್ಕ ನೆಟಿಗೆ ಮುರಿಯುತ್ತಾರಲ್ಲ, ಅದನ್ನು ಆ ಬೆಂಗಳೂರಿನ ಗೆಳತಿಗೆ ಪದಕ್ಕೆ ಪದ ಇಂಗ್ಲಿಷ್ ಮಾಡಿ ಹೇಳಿದರೆ, 'ನಮ್ಮ ಅಜ್ಜಿ ಪ್ರೀತಿ ಬಂದಾಗ ಬೆರಳು ಮುರಿಯುತ್ತಾರೆ' ಎಂದಾಗುತ್ತದೆ. ಅವಳೂ ಹೆದರುತ್ತಾಳೆ.