ಗಡಸು ನೀರಿನ ಈಜುಕೊಳಕ್ಕೆ ಇನ್ನಷ್ಟು ಕ್ಲೋರಿನ್ ಮದ್ದಲ್ಲ

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮ್ಮ ತೋಟದ ಮನೆಯಲ್ಲಿ 20 ಅಡಿ ಉದ್ದ, 10 ಅಡಿ ಅಗಲ, ನಾಲ್ಕೂವರೆ ಅಡಿ ಆಳದ ಈಜುಕೊಳವಿದೆ. ಕೊಳವೆಬಾವಿ ನೀರು ತುಂಬಿಸುತ್ತೇವೆ. ಕೆಲವೇ ದಿನಗಳಲ್ಲಿ ನೀರು ಬೆಳ್ಳಗೆ ಮಬ್ಬಾಗುತ್ತದೆ, ಟೈಲ್ಸ್ ಮೇಲೆ ಬಿಳಿ ಗೆರೆ ಕಟ್ಟುತ್ತದೆ, ಮಕ್ಕಳಿಗೆ ಕಣ್ಣುರಿ. ಬ್ಲೀಚಿಂಗ್ ಪೌಡರ್ ಹೆಚ್ಚಿಸುತ್ತ ಬಂದೆವು. ಆ್ಯಸಿಡ್ ಹಾಕಿದರೆ ಎರಡು ದಿನ ಸರಿಯಿದ್ದು ಮತ್ತೆ ಅದೇ ಪಾಡು. ಏನು ಮಾಡಬೇಕು?

ಉತ್ತರ: ಮೊದಲು ಬ್ಲೀಚಿಂಗ್ ಪೌಡರ್ ನಿಲ್ಲಿಸಿ. ಅದರಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಶೇ 30ರ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸುಣ್ಣ. ನಿಮ್ಮ ನೀರಿನಲ್ಲಿ ಸುಣ್ಣದ ಅಂಶ ಮೊದಲೇ ಹೇರಳವಾಗಿರುವ ಲಕ್ಷಣವಿದೆ. ಅದಕ್ಕೆ ನೀವೇ ಕೈಯಾರೆ ಇನ್ನಷ್ಟು ಸುರಿಯುತ್ತಿದ್ದೀರಿ.

ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಹಾಗಾಗಿ ಕೊಳವೆಬಾವಿಯಿಂದ ಆಗಷ್ಟೇ ಬಂದ ನೀರಿನ ಪಿಎಚ್ (ಆಮ್ಲ–ಪ್ರತ್ಯಾಮ್ಲದ ಅಳತೆ, 7 ಎಂದರೆ ತಟಸ್ಥ) 7.2 ತೋರಿಸಿದರೂ ಅದನ್ನು ನಂಬಬೇಡಿ. ಗಾಳಿ, ಬಿಸಿಲು ತಾಗಿದಂತೆ ಆ ಅನಿಲ ಹೊರಹೋಗಿ ಪಿಎಚ್ ತಾನಾಗಿಯೇ 8 ದಾಟುತ್ತದೆ. ಆಗ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಡುತ್ತದೆ. ಮಬ್ಬೂ ಅದೇ, ಟೈಲ್ಸ್‌ನ ಬಿಳಿ ಗೆರೆಯೂ ಅದೇ. ಶೋಭೆಗೆಂದು ಕಾರಂಜಿ ಇಟ್ಟಿದ್ದರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಪಿಎಚ್ ಏರಿದರೆ ಕ್ಲೋರಿನ್ನಿನ ಶಕ್ತಿಯೂ ಕುಗ್ಗುತ್ತದೆ. ಸೂಕ್ಷ್ಮಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಹೈಪೊಕ್ಲೋರಸ್ ಆಮ್ಲ. ಪಿಎಚ್ 7.2ರಲ್ಲಿ ಕ್ಲೋರಿನ್ನಿನ ಸುಮಾರು ಮೂರನೇ ಎರಡು ಭಾಗ ಈ ರೂಪದಲ್ಲಿದ್ದರೆ, 8.2ರಲ್ಲಿ ಉಳಿಯುವುದು ಆರನೇ ಒಂದು ಭಾಗದಷ್ಟು. ಪರೀಕ್ಷೆಯ ಹನಿ ಕ್ಲೋರಿನ್ ಇದೆ ಎನ್ನುತ್ತದೆ, ಕೊಳದಲ್ಲಿ ಅದು ಅರೆನಿದ್ರೆಯಲ್ಲಿರುತ್ತದೆ. ಕಣ್ಣುರಿಗೆ ಏರಿದ ಪಿಎಚ್ ಒಂದು ಕಾರಣ, ಬೆವರು ಮತ್ತು ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್ ಇನ್ನೊಂದು. ಮೂಗಿಗೆ ಹೊಡೆಯುವ ‘ಕ್ಲೋರಿನ್ ವಾಸನೆ’ ಕೂಡ ಹೆಚ್ಚಾಗಿ ಈ ಕ್ಲೋರಮೈನಿನದೇ. ಕೊಳಕ್ಕಿಳಿಯುವ ಮುನ್ನ ಮಕ್ಕಳಿಗೆ ಸ್ನಾನ ಮಾಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಆ್ಯಸಿಡ್ ಹಾಕಿದರೂ ಪಿಎಚ್ ಮತ್ತೆ ಏರುವುದಕ್ಕೆ ಕಾರಣ ಕ್ಷಾರತೆ, ಅಂದರೆ ಆ್ಯಸಿಡ್ಡನ್ನು ಹೀರಿಕೊಳ್ಳುವ ಬೈಕಾರ್ಬೊನೇಟ್‌ನಂಥ ಲವಣಗಳು ನೀರಿನಲ್ಲಿ ಎಷ್ಟಿವೆ ಎಂಬ ಲೆಕ್ಕ. ಅದನ್ನು ಅಳೆಯದೆ ಪಿಎಚ್ ಜೊತೆ ಗುದ್ದಾಡುವುದು ವ್ಯರ್ಥ. ಪಿಎಚ್, ಕ್ಷಾರತೆ, ಕ್ಯಾಲ್ಸಿಯಂ ಗಡಸುತನ, ಕ್ಲೋರಿನ್ ಈ ನಾಲ್ಕನ್ನೂ ತೋರಿಸುವ ಕಿಟ್ ಕೊಳ್ಳಿ. ಹಳದಿ ಬಣ್ಣ ತೋರಿಸುವ ಅಗ್ಗದ ಹನಿ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಪರೀಕ್ಷೆ ನಿಮಗೆ ಬೇಕಾದ ಮುಕ್ತ ಕ್ಲೋರಿನ್, ಅಂದರೆ ಕ್ಲೋರಮೈನ್ ಆಗದೆ ಉಳಿದ ಕ್ಲೋರಿನ್ ತೋರಿಸುತ್ತದೆ. ಕೊಳದ ನೀರಿನಂತೆಯೇ ಕೊಳವೆಬಾವಿ ನೀರನ್ನೂ ಒಮ್ಮೆ ಪರೀಕ್ಷಿಸಿ. ಸಾಮಾನ್ಯವಾಗಿ ಕ್ಷಾರತೆ 80ರಿಂದ 120 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಗಡಸುತನ 200ರಿಂದ 400, ಮುಕ್ತ ಕ್ಲೋರಿನ್ 1ರಿಂದ 3, ಪಿಎಚ್ 7.2ರಿಂದ 7.8 ಇರಬೇಕು. ನಿಮ್ಮಂಥ ಗಡಸು ನೀರಿಗೆ ಕ್ಷಾರತೆಯನ್ನು 80ರ ಹತ್ತಿರವೂ ಪಿಎಚ್ ಅನ್ನು 7.2–7.4ರಲ್ಲಿಯೂ ಇಡುವುದು ನನ್ನ ಸಲಹೆ.

ನಿಮ್ಮ ಕೊಳದಲ್ಲಿ ಸುಮಾರು 25,000 ಲೀಟರ್ ನೀರಿದೆ. ಶೇ 30ರಷ್ಟು ಪ್ರಬಲ ಹೈಡ್ರೋಕ್ಲೋರಿಕ್ ಆ್ಯಸಿಡ್ ಅರ್ಧ ಲೀಟರ್ ಹಾಕಿದರೆ ಕ್ಷಾರತೆ ಹತ್ತು ಪಿಪಿಎಂನಷ್ಟು ಇಳಿಯುತ್ತದೆ. ಒಮ್ಮೆಗೆ ಅದಕ್ಕಿಂತ ಹೆಚ್ಚು ಬೇಡ. ಪಂಪ್ ಓಡುತ್ತಿರಲಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ಪಿಎಚ್ 7.2ಕ್ಕೆ ಇಳಿದರೆ ನಿಲ್ಲಿಸಿ, ತಾನಾಗಿ ಏರಿದ ಮೇಲೆ ಮುಂದಿನ ಅರ್ಧ ಲೀಟರ್. ಪಿಎಚ್ ಬೇಗ ಏರಿಸುವುದರಿಂದ ಈ ಹಂತದಲ್ಲಿ ಕಾರಂಜಿ ನಿಜಕ್ಕೂ ಉಪಕಾರಿ. ಕನ್ನಡಕ, ಕೈಗವಸು ತಪ್ಪಿಸಬೇಡಿ. ಆ್ಯಸಿಡ್ಡನ್ನು ನೀರಿಗೆ ಹಾಕಬೇಕೇ ಹೊರತು ಆ್ಯಸಿಡ್ಡಿಗೆ ನೀರನ್ನಲ್ಲ. ಆ್ಯಸಿಡ್ ಕ್ಯಾನನ್ನು ಕ್ಲೋರಿನ್ ಪಕ್ಕದಲ್ಲಿ ಇಡಲೇಬೇಡಿ. ಎರಡೂ ಸೇರಿದರೆ ವಿಷಾನಿಲ. ಬ್ಲೀಚಿಂಗ್ ಪೌಡರ್ ಬದಲು ದ್ರವ ಸೋಡಿಯಂ ಹೈಪೊಕ್ಲೋರೈಟ್ ಬಳಸಿ, ಸಂಜೆ ಹೊತ್ತು ಹಾಕಿ.

ಇಷ್ಟಾದರೂ ಕ್ಯಾಲ್ಸಿಯಂ ಕೊಳದಲ್ಲೇ ಇರುತ್ತದೆ. ಆ್ಯಸಿಡ್ ಅದನ್ನು ಕರಗಿದ ಸ್ಥಿತಿಯಲ್ಲಿ ಇಡುತ್ತದೆ, ಅಷ್ಟೆ. ನೀರು ಆವಿಯಾದರೂ ಲವಣ ಆವಿಯಾಗುವುದಿಲ್ಲ, ಕೊರತೆ ತುಂಬಲು ನೀವು ಮತ್ತೆ ಅದೇ ಗಡಸು ನೀರು ಬಿಡುತ್ತೀರಿ. ಟ್ಯಾಂಕರ್ ತರಿಸೋಣ ಎಂದುಕೊಂಡರೆ, ಅದೂ ಬಹುಪಾಲು ಯಾರದೋ ಕೊಳವೆಬಾವಿಯ ನೀರೇ. ಉಳಿದಿರುವುದು ಮಳೆ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಸಾವಿರ ಚದರಡಿ ತಾರಸಿಯ ಮೇಲೆ ಸುಮಾರು 65,000 ಲೀಟರ್ ಬೀಳುತ್ತದೆ. ಸೋರಿಕೆ ಕಳೆದರೂ ನಿಮ್ಮ ಕೊಳಕ್ಕೆ ಎರಡು ಬಾರಿ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಸೆಪ್ಟೆಂಬರ್–ಅಕ್ಟೋಬರ್ ಮಳೆಯನ್ನು ಸಂಪಿನಲ್ಲಿ ಹಿಡಿದು ಸೋಸಿ ಬಳಸಿ. ಕೊಳ ಕಟ್ಟಿಸುವಾಗಲೇ ಇದನ್ನು ಯಾರೂ ಹೇಳುವುದಿಲ್ಲ ಎನ್ನುವುದು ನನಗೆ ಹಳೆಯ ಸಿಟ್ಟು.

ಪ್ರಶ್ನೆ: ಕೋಲಾರದ ನಮ್ಮ ಮನೆಯ ಕೊಳವೂ ಸುಮಾರು ಅಷ್ಟೇ ಗಾತ್ರದ್ದು. ವಾರಕ್ಕೆ ಎರಡು ಕ್ಲೋರಿನ್ ಮಾತ್ರೆ ಹಾಕುತ್ತೇವೆ. ಕ್ಲೋರಿನ್ 3 ಪಿಪಿಎಂ ತೋರಿಸಿದರೂ ಪಾಚಿ ಕಟ್ಟುತ್ತಿದೆ.

ಉತ್ತರ: ಮಾತ್ರೆಯಲ್ಲಿರುವುದು ಟಿಸಿಸಿಎ, ಅಂದರೆ ಕ್ಲೋರಿನ್ ಮತ್ತು ಸಯನ್ಯೂರಿಕ್ ಆಮ್ಲ ಕೂಡಿದ ರಾಸಾಯನಿಕ. ಕ್ಲೋರಿನ್ ಖರ್ಚಾದ ಮೇಲೆ ಅದರ ಸಯನ್ಯೂರಿಕ್ ಆಮ್ಲ ನೀರಿನಲ್ಲೇ ಉಳಿದು ಜಮೆಯಾಗುತ್ತದೆ. ಬಿಸಿಲಿನಿಂದ ಕ್ಲೋರಿನ್ ಕಾಪಾಡಲು ಅದು 30ರಿಂದ 50 ಪಿಪಿಎಂ ಇದ್ದರೆ ಸಾಕು. 200 ಗ್ರಾಂ ಮಾತ್ರೆಯೊಂದು ನಿಮ್ಮ ಕೊಳಕ್ಕೆ ನಾಲ್ಕೂ ಚಿಲ್ಲರೆ ಪಿಪಿಎಂ ಸೇರಿಸುತ್ತದೆ. ಮೂರು ತಿಂಗಳಲ್ಲಿ ನೂರು ದಾಟುತ್ತದೆ. ಅಷ್ಟಾದರೆ ಅದು ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಾಚಿ ತಡೆಯಲು 3 ಪಿಪಿಎಂ ಕ್ಲೋರಿನ್ ಸಾಲದು. ಸಯನ್ಯೂರಿಕ್ ಆಮ್ಲವನ್ನು ತೆಗೆಯುವ ಸುಲಭ ರಾಸಾಯನಿಕವಿಲ್ಲ. ಅರ್ಧ ನೀರು ಖಾಲಿ ಮಾಡಿ ಹೊಸದು ತುಂಬಿಸಿ, ಆಮೇಲೆ ದ್ರವ ಕ್ಲೋರಿನ್‌ಗೆ ಬದಲಾಗಿ. ಕೋಲಾರದಲ್ಲಿ ನೀರು ಚೆಲ್ಲಿ ಎನ್ನಲು ನನಗೂ ಸಂಕಟವೇ. ಹಾಗಾಗಿ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಪರೀಕ್ಷೆಯಲ್ಲಿ ಸೊನ್ನೆ ಬರುವವರೆಗೆ ಬಿಸಿಲಿಗೆ ಬಿಟ್ಟು, ಆ ನೀರನ್ನು ದೊಡ್ಡ ಮರಗಳಿಗೆ ಹರಡಿ ಹಾಯಿಸಿ. ಕೆರೆಗೆ ಬಿಡಬೇಡಿ. ಉಳಿದ ಮಾತ್ರೆಗಳನ್ನು ಬ್ಲೀಚಿಂಗ್ ಪೌಡರ್ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಬೆರೆತರೆ ಬೆಂಕಿ ಹೊತ್ತಬಹುದು.

ಪ್ರಶ್ನೆ: ನಮ್ಮದು ಪಾವಗಡ. ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳು ಈಜಬಹುದೇ?

ಉತ್ತರ: ಈಜಬಹುದು. ಫ್ಲೋರೈಡ್ ದೇಹ ಸೇರುವುದು ಮುಖ್ಯವಾಗಿ ಕುಡಿಯುವ ನೀರು ಮತ್ತು ಆಹಾರದಿಂದ, ಚರ್ಮದಿಂದಲ್ಲ. ಕ್ಲೋರಿನ್ ಅದನ್ನು ತೆಗೆಯದು, ಕುದಿಸಿದರೂ ಹೋಗದು. ತೀರಾ ಚಿಕ್ಕವರು ನೀರು ನುಂಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂದು ಮೊದಲು ಪರೀಕ್ಷಿಸಿ, ಕೊಳದ ಮಾತು ಆಮೇಲೆ.