ವಾರಕ್ಕೊಂದು ದಿನ ಶಾಲೆ ತಪ್ಪಿದರೆ ನೋಟ್ಸ್ ಬರೆಸಿದರೆ ಸಾಕೇ?

ತೀರ್ಥಹಳ್ಳಿ ಕಡೆಯ ಹಳ್ಳಿ, ಮಗಳು 6ನೇ ತರಗತಿ. ಮಳೆ, ಅಡಿಕೆ ಕೊಯ್ಲು, ನೆಂಟರ ಮನೆ ಕಾರ್ಯ ಅಂತ ವಾರಕ್ಕೊಂದು ದಿನ ಶಾಲೆ ತಪ್ಪುತ್ತದೆ, ಆಮೇಲೆ ನೋಟ್ಸ್ ಬರೆಸುತ್ತೇವೆ, ಅಷ್ಟು ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು.

ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಪಾಠ ನಡೆಯಬೇಕು. ವಾರಕ್ಕೊಂದು ದಿನ ಬಿಟ್ಟರೆ 35-40 ದಿನ ಹೋಯಿತು. ಆದರೂ ಹಾಜರಾತಿ ಶೇ 80ರ ಮೇಲೇ ಇರುವುದರಿಂದ ಯಾರಿಗೂ ಗಾಬರಿಯಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕೇಳುವ ಶೇ 75 ಪರೀಕ್ಷೆಗೆ ಕೂರಲು ಬೇಕಾದ ಕನಿಷ್ಠ, ಅಷ್ಟೇ. ಕಲಿಯಲು ಅಷ್ಟು ಸಾಕು ಅಂತ ಯಾರೂ ಹೇಳಿಲ್ಲ.

ಬಿಡಿಬಿಡಿಯಾಗಿ ತಪ್ಪಿದ ದಿನ ಮರುದಿನದ ಪಾಠವನ್ನೂ ಕೆಡಿಸುತ್ತದೆ. ಭಿನ್ನರಾಶಿಯನ್ನೇ ನೋಡಿ. ಸೋಮವಾರ 1/2 ಮತ್ತು 3/6 ಒಂದೇ ಎಂದು ಹೇಳಿಕೊಟ್ಟು ಮಂಗಳವಾರ ಕೂಡಿಸುವುದನ್ನು ಶುರು ಮಾಡುತ್ತಾರೆ. ಸೋಮವಾರ ಬಾರದ ಮಗು ಮಂಗಳವಾರ ತರಗತಿಯಲ್ಲೇ ಕೂತಿದ್ದೂ 1/2 + 1/3 = 2/5 ಎಂದು ಬರೆಯುತ್ತದೆ. ಗೆಳತಿಯ ನೋಟ್ಸಿನಲ್ಲಿ 5/6 ಎಂಬ ಉತ್ತರ ಸಿಗುತ್ತದೆ. ಛೇದ 6 ಯಾಕಾಯಿತು ಅನ್ನುವುದು ಬೋರ್ಡಿನ ಮುಂದೆ ನಡೆದ ಮಾತಿನಲ್ಲಿತ್ತು, ಅದು ನೋಟ್ಸಿಗೆ ಬಂದಿರುವುದಿಲ್ಲ. 1ರಿಂದ 3ನೇ ತರಗತಿಯ ನಲಿಕಲಿಯಲ್ಲಿ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ) ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆಮೇಲೆ ಇಡೀ ತರಗತಿ ಒಟ್ಟಿಗೆ ಮುಂದೆ ಹೋಗುತ್ತದೆ, ಯಾರಿಗೂ ಕಾಯುವುದಿಲ್ಲ.

ಹಾಗಾಗಿ ತಪ್ಪಿದ ದಿನ ಸಂಜೆಯೇ ಸಹಪಾಠಿಯನ್ನು ಕೇಳಿ ಯಾವ ಪುಟ, ಯಾವ ಲೆಕ್ಕ ಆಯಿತು ಎಂದು ತಿಳಿದುಕೊಳ್ಳಿ. ನಕಲು ಬರೆಸುವುದಕ್ಕಿಂತ ಪುಸ್ತಕ ಮುಚ್ಚಿ ನಾಲ್ಕೈದು ಲೆಕ್ಕ ಮಾಡಿಸಿ. ಎಲ್ಲಿ ನಿಲ್ಲುತ್ತಾಳೋ ಆ ಲೆಕ್ಕಕ್ಕೆ ಗುರುತು ಹಾಕಿ, ಮರುದಿನ ಪ್ರಾರ್ಥನೆಗೆ ಹತ್ತು ನಿಮಿಷ ಮೊದಲೇ ಹೋಗಿ ಟೀಚರ್ ಹತ್ತಿರ ಅದೊಂದನ್ನೇ ಕೇಳಲಿ. "ನಿನ್ನೆ ಏನು ಪಾಠ ಆಯ್ತು ಮಿಸ್" ಅಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ.

ಹಳ್ಳ ತುಂಬಿ ಕಾಲುಸಂಕದ ಮೇಲೆ ನೀರು ಹರಿಯುವಾಗ ಖಂಡಿತ ಕಳಿಸಬೇಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಗಾಲದಲ್ಲಿ ಎಷ್ಟೋ ದಿನ ತಪ್ಪುವುದು ಯೂನಿಫಾರಂ ಒಣಗಲಿಲ್ಲ ಅನ್ನುವ ಕಾರಣಕ್ಕೆ. ಬಚ್ಚಲೊಲೆಯ ಹತ್ತಿರ ರಾತ್ರಿಯೇ ಹರವಿ; ಒಣಗದಿದ್ದರೆ ಮುಖ್ಯ ಶಿಕ್ಷಕರಿಗೆ ಒಂದು ಮಾತು ಹೇಳಿ ಬೇರೆ ಬಟ್ಟೆಯಲ್ಲೇ ಕಳಿಸಿ. ಕೊಯ್ಲಿನ ಕಾಲದಲ್ಲಿ ಹಗಲಿನ ಕೆಲಸಕ್ಕಿಂತ ರಾತ್ರಿ ಅಡಿಕೆ ಸುಲಿಯುವಲ್ಲಿ ಮಕ್ಕಳು ಹೊತ್ತು ಮೀರಿ ಕೂರುವುದೇ ಬೆಳಿಗ್ಗೆಯ ಶಾಲೆ ತಪ್ಪಿಸುತ್ತದೆ. ಒಂಬತ್ತಕ್ಕೆ ಮಲಗಿಸಿ. ಮಳೆ ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನವೋ ಭಾನುವಾರವೋ ಶಾಲೆ ಇಟ್ಟರೆ ಅದನ್ನು ಲೆಕ್ಕಕ್ಕಿಲ್ಲದ ದಿನ ಅಂದುಕೊಳ್ಳಬೇಡಿ. ನಿಂತುಹೋದ ಪಾಠವನ್ನು ಮುಗಿಸುವುದು ಅವತ್ತೇ.