ಮೂವರ ತರ್ಕ, ಒಂದು ತೀರ್ಪು

ಪ್ರಶ್ನೆ: ಸಮಿತಿಯೊಂದರಲ್ಲಿ ಕಾನೂನು ಬಲ್ಲವರು, ಎಂಜಿನಿಯರ್, ಲೆಕ್ಕಪರಿಶೋಧಕರು ತಮ್ಮ ತಮ್ಮ ರೀತಿಯಲ್ಲಿ ತರ್ಕಿಸುತ್ತಾರೆ. ಪ್ರತಿಯೊಬ್ಬರ ತರ್ಕವೂ ಸುಸಂಬದ್ಧವಾಗಿದ್ದರೆ, ಬಹುಮತದಿಂದ ಅವನ್ನು ಒಂದುಗೂಡಿಸಿದಾಗ ದೊರೆಯುವ ನಿಲುವೂ ಹಾಗೆಯೇ ಇರಬೇಕಲ್ಲವೇ?
— ಓದುಗರು, ಧಾರವಾಡ

ಉತ್ತರ: ಇರಲೇಬೇಕೆಂದಿಲ್ಲ. ಮೂವರು ನ್ಯಾಯಾಧೀಶರ ಮುಂದೆ ಕರಾರಿನ ವ್ಯಾಜ್ಯವೊಂದಿದೆ ಎಂದಿಟ್ಟುಕೊಳ್ಳಿ. ಕರಾರು ಊರ್ಜಿತವಾಗಿತ್ತು, ಪ್ರತಿವಾದಿ ಅದರ ಷರತ್ತನ್ನು ಮೀರಿದ್ದಾನೆ ಎಂಬ ಎರಡೂ ಅಂಶಗಳು ಸಾಬೀತಾದರೆ ಮಾತ್ರ ಅವನು ಪರಿಹಾರ ಕೊಡಬೇಕು. ಎರಡೂ ನಿಜವೆಂದು ಕಂಡ ಮೊದಲನೆಯವರು ಪರಿಹಾರಕ್ಕೆ ಒಪ್ಪುತ್ತಾರೆ. ಕರಾರು ಊರ್ಜಿತವೇ, ಆದರೆ ಷರತ್ತು ಮೀರಿಲ್ಲ ಎನ್ನುವ ಎರಡನೆಯವರೂ, ಷರತ್ತು ಮೀರಿದ್ದು ಹೌದಾದರೂ ಕರಾರೇ ಊರ್ಜಿತವಲ್ಲ ಎನ್ನುವ ಮೂರನೆಯವರೂ ಪರಿಹಾರ ಬೇಡವೆನ್ನುತ್ತಾರೆ. ಮೂವರಲ್ಲಿ ಯಾರ ತರ್ಕದಲ್ಲೂ ದೋಷವಿಲ್ಲ. ಆದರೂ ಒಟ್ಟು ಪೀಠವನ್ನು ನೋಡಿದರೆ, ಕರಾರು ಊರ್ಜಿತವೆಂಬುದಕ್ಕೆ ಬಹುಮತವಿದೆ, ಷರತ್ತು ಮೀರಿದ್ದಕ್ಕೂ ಬಹುಮತವಿದೆ, ಪರಿಹಾರಕ್ಕೆ ಮಾತ್ರ ಇಲ್ಲ!

ಅಮೆರಿಕದ ಕಾನೂನು ವಿದ್ವಾಂಸರಾದ ಲೂಯಿಸ್ ಕಾರ್ನ್‌ಹೌಸರ್ ಮತ್ತು ಲಾರೆನ್ಸ್ ಸೇಗರ್ ಚರ್ಚೆಗೆ ತಂದ ಈ ತೊಡಕು ಆಕಸ್ಮಿಕವಲ್ಲ. ಸದಸ್ಯರು ಯಾವುದೇ ಸುಸಂಬದ್ಧ ಅಭಿಪ್ರಾಯ ಹೊಂದಬಹುದು, ಎಲ್ಲರಿಗೂ ಸಮಾನ ತೂಕವಿರಬೇಕು, ಒಂದೊಂದು ಅಂಶವನ್ನೂ ಅದರ ಕುರಿತ ಅಭಿಪ್ರಾಯಗಳಿಂದಲೇ ಒಂದೇ ನಿಯಮದಡಿ ತೀರ್ಮಾನಿಸಬೇಕು ಎಂದರೆ, ಇಂಥ ಪರಸ್ಪರ ಹೆಣೆದುಕೊಂಡ ಅಂಶಗಳ ಮೇಲೆ ಪೂರ್ಣವೂ ವಿರೋಧರಹಿತವೂ ಆದ ಸಾಮೂಹಿಕ ನಿಲುವನ್ನು ಸದಾ ಕೊಡಬಲ್ಲ ವಿಧಾನವೇ ಇಲ್ಲವೆಂದು ತತ್ತ್ವಶಾಸ್ತ್ರಜ್ಞರಾದ ಕ್ರಿಶ್ಚಿಯನ್ ಲಿಸ್ಟ್ ಮತ್ತು ಫಿಲಿಪ್ ಪೆಟಿಟ್ 2002ರಲ್ಲಿ ಸಾಧಿಸಿ ತೋರಿಸಿದರು.

ಹಾಗಾಗಿ ಏನನ್ನಾದರೂ ಬಿಟ್ಟುಕೊಡಲೇಬೇಕು. ಆಧಾರಾಂಶಗಳಿಗೆ ಮಾತ್ರ ಮತ ಹಾಕಿ ತೀರ್ಪನ್ನು ಅವುಗಳಿಂದ ಹೊರಡಿಸಬಹುದು, ಇಲ್ಲವೇ ನೇರವಾಗಿ ತೀರ್ಪಿಗೇ ಮತ ಹಾಕಬಹುದು. ಜನರಿಗೆ ಕಾರಣ ಹೇಳಬೇಕಾದ ಸಂಸ್ಥೆ ಮೊದಲನೆಯದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎರಡನೆಯದರಲ್ಲಿ ತೀರ್ಪಿರುತ್ತದೆ, ಅದಕ್ಕೆ ಪೀಠ ಒಟ್ಟಾಗಿ ಒಪ್ಪಿದ ಕಾರಣವಿರುವುದಿಲ್ಲ.

ನೀವು ಹೇಳಿದಂಥ ಸಮಿತಿಯಲ್ಲಿ ಪದಗಳ ಅರ್ಥವೇ ಒಬ್ಬೊಬ್ಬರಿಗೆ ಬೇರೆಯಾಗಿದ್ದರೆ, ಪೋಲೆಂಡಿನ ತರ್ಕಶಾಸ್ತ್ರಜ್ಞ ಸ್ಟಾನಿಸ್ವಾಫ್ ಯಾಶ್ಕೋವ್‌ಸ್ಕಿ 1948ರಲ್ಲಿ ರೂಪಿಸಿದ ಚರ್ಚಾತರ್ಕ ಹೆಚ್ಚು ಉಪಯುಕ್ತ. ಅಲ್ಲಿ ಪ್ರತಿಯೊಬ್ಬರ ಹೇಳಿಕೆಯೂ ಚರ್ಚೆಯೊಳಗೆ ಸ್ವೀಕೃತವೇ. ಆದರೆ ಒಬ್ಬರ ಮಾತನ್ನೂ ಇನ್ನೊಬ್ಬರ ಮಾತನ್ನೂ ಜೋಡಿಸಿ ಒಂದೇ ವಾಕ್ಯ ಮಾಡಲು ಅನುಮತಿಯಿಲ್ಲ. ಆದ್ದರಿಂದಲೇ ಇಬ್ಬರ ಮಾತು ಪರಸ್ಪರ ವಿರುದ್ಧವಾದರೂ, ಸಾಂಪ್ರದಾಯಿಕ ತರ್ಕದಲ್ಲಿ ಆಗುವಂತೆ ಅದರಿಂದ ಏನು ಬೇಕಾದರೂ ಸಿದ್ಧವಾಗಿಬಿಡುವುದಿಲ್ಲ.

ಯಾವ ವಿಧಾನವೇ ಇರಲಿ, ಅಭಿಪ್ರಾಯಗಳು ಹೊರಬೀಳುವ ಮೊದಲೇ ಅದನ್ನು ಗೊತ್ತುಪಡಿಸಿಕೊಳ್ಳಿ. ಮೇಲಿನ ಪೀಠದಲ್ಲಿ ಮೂವರ ನಿಲುವೂ ತಿಳಿದ ಮೇಲೆ, ಅಂಶವಾರು ಮತದಾನ ಬೇಕೆನ್ನುವವರು ವಾದಿಯನ್ನೇ ಗೆಲ್ಲಿಸುತ್ತಿರುತ್ತಾರೆ.